ನಾನು ತಿನ್ನದ ಮೂವತ್ತಮೂರು ಮಸಾಲೆ ದೋಸೆ

ನಮ್ಮ ಬೀದಿಯ ಹಳೇ ಪೇಪರ್ ಅಂಗಡಿಯ ತಕ್ಕಡಿ ಹತ್ತಿ ನಿಂತ ಮೊದಲ ಹೈಸ್ಕೂಲ್ ಟೀಚರ್ ನಾನೇ ಇರಬೇಕು. ಬರಿಗೈಯಲ್ಲೂ ಹೋಗಿರಲಿಲ್ಲ; ಮನೆಯ ತೂಕದ ಯಂತ್ರವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಚಾಮರಾಜಪೇಟೆಯ ಶಾಲೆ ಮುಗಿಸಿ ಹನುಮಂತನಗರಕ್ಕೆ ಬರುವಷ್ಟರಲ್ಲಿ ಬೀದಿದೀಪ ಹತ್ತಿತ್ತು. ಕಟ್ಟು ಕಟ್ಟಿದ ಪತ್ರಿಕೆಗಳು, ಒಡೆದ ಬಕೆಟ್ಟುಗಳು, ತುಕ್ಕು ಹಿಡಿದ ಕಿಟಕಿ ಸರಳುಗಳ ನಡುವೆ ಆ ಕಬ್ಬಿಣದ ಹಾಸಿನ ತಕ್ಕಡಿ. ಚಪ್ಪಲಿ ಬಿಟ್ಟು ಮೊದಲು ಅದರ ಮೇಲೆ ನಿಂತೆ: 72.1. ಪಕ್ಕದಲ್ಲಿ ನನ್ನದನ್ನಿಟ್ಟು ನಿಂತೆ: 72.0.

ಅಂಗಡಿಯವನು ಹಗ್ಗ ಬಿಗಿಯುವುದನ್ನು ನಿಲ್ಲಿಸಿ ನೋಡಿದ. “ಪೇಪರ್ ತಂದಾಗಲೆಲ್ಲ ಕಡಿಮೆ ತೋರಿಸುತ್ತದೆ ಎಂದು ಜಗಳವಾಡುತ್ತೀರಿ ಮೇಡಂ. ಇವತ್ತು ಜಾಸ್ತಿ ತೋರಿಸಿತು ಎಂದು ಜಗಳವೇ?”

ಅಂದು ಬೆಳಿಗ್ಗೆ ಐದೂಮುಕ್ಕಾಲಕ್ಕೆ ಖಾಲಿ ಹೊಟ್ಟೆಯಲ್ಲಿ ನಿಂತಾಗ ಮನೆಯ ಯಂತ್ರ 71.0 ತೋರಿಸಿತ್ತು. ಐದು ದಿನ ಹಿಂದೆ, ಶನಿವಾರ, ಅದೇ ಜಾಗದಲ್ಲಿ ಅದೇ ಹೊತ್ತಿಗೆ 69.3 ಇತ್ತು. ನಡುವೆ ಒಂದು ದಿನವೂ ನಡಿಗೆ ತಪ್ಪಿಸಿರಲಿಲ್ಲ. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಯಂತ್ರ ಕೆಟ್ಟಿದೆ ಎಂಬ ಒಂದೇ ಆಸರೆಯನ್ನು ಹಿಡಿದು ಇಡೀ ದಿನ ಪಾಠ ಮಾಡಿದ್ದೆ. ಅದನ್ನೂ ಗುಜರಿಯವನು ಕಿತ್ತುಕೊಂಡ.

ಇಷ್ಟಕ್ಕೂ ಇದೆಲ್ಲ ಶುರುವಾದದ್ದು ದೀಪಾವಳಿಯ ಕಜ್ಜಾಯ ಮುಗಿದ ಮಾರನೆಯ ದಿನ. ನನಗೆ 46 ವರ್ಷ, ಎತ್ತರ 155 ಸೆಂಟಿಮೀಟರ್, ತೂಕ 71.4 ಕಿಲೋ. ತೂಕವನ್ನು ಮೀಟರಿನಲ್ಲಿ ಹಿಡಿದ ಎತ್ತರದ ವರ್ಗದಿಂದ ಭಾಗಿಸಿದರೆ 29.7 ಬರುತ್ತದೆ. ಭಾರತೀಯರಿಗೆ ವೈದ್ಯರು ಇಟ್ಟಿರುವ ಗೆರೆ 23. 25 ದಾಟಿದರೆ ಬೊಜ್ಜು. ಮಕ್ಕಳಿಗಾದರೆ ಇಂಥ ಉತ್ತರದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆಯುತ್ತಿದ್ದೆ.

ನಿಯಮಗಳು ನಾನೇ ಮಾಡಿಕೊಂಡವು. ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನಲ್ಲಿ ಒಂದು ಗಂಟೆ ಬಿರುನಡಿಗೆ, ಭಾನುವಾರ ಲಾಲ್‌ಬಾಗಿನ ಬಂಡೆ ಹತ್ತಿ ಇಳಿಯುವುದು. ರಾತ್ರಿ ಅನ್ನ ಇಲ್ಲ, ರಾಗಿಮುದ್ದೆ. ಬೇಕರಿಯ ಕಡೆ ತಲೆ ಹಾಕುವಂತಿಲ್ಲ. ಒಟ್ಟಿನಲ್ಲಿ ದಿನಕ್ಕೆ 500 ಕ್ಯಾಲೊರಿ ಕೊರತೆ ಬೀಳುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ಫ್ರಿಜ್ಜಿಗೆ ಅಂಟಿಸಿದೆ. ಅತ್ತೆ ಕನ್ನಡಕ ಏರಿಸಿ ಓದಿ, “ಸಂಬಳದ ಲೆಕ್ಕವನ್ನೂ ಹೀಗೆ ಬರೆದಿದ್ದರೆ ಇನ್ನೊಂದು ಸೈಟು ಆಗುತ್ತಿತ್ತು” ಎಂದರು.

ಮೊದಲ ಹತ್ತು ದಿನ ತೂಕ ಸರ್ರನೆ ಇಳಿಯಿತು. ಹತ್ತೇ ದಿನಕ್ಕೆ ಒಂದೂವರೆ ಕಿಲೋ. ಪಾರ್ಕಿನ ಗೆಳತಿಯರ ಮುಂದೆ ನಾನು ಸಣ್ಣದೊಂದು ಉಪನ್ಯಾಸವನ್ನೇ ಕೊಟ್ಟೆ ಎಂಬುದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಆ ಇಳಿತದಲ್ಲಿ ಬಹುಪಾಲು ನೀರು ಎಂದು ಆಗ ಗೊತ್ತಿರಲಿಲ್ಲ. ನಮ್ಮ ಪಿತ್ತಕೋಶದ ನೆರೆಯ ಯಕೃತ್ತು ಮತ್ತು ಮೈಯ ಸ್ನಾಯುಗಳು ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕಿಲೋದಷ್ಟು ಪಿಷ್ಟ ಕೂಡಿಟ್ಟುಕೊಂಡಿರುತ್ತವೆ. ಅದರ ಒಂದೊಂದು ಗ್ರಾಮಿಗೂ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ದೇಹ ಮೊದಲು ಕೈ ಹಾಕುವುದು ಈ ಡಬ್ಬಿಗೆ. ಡಬ್ಬಿ ಖಾಲಿಯಾದಂತೆ ನೀರೂ ಹೋಗುತ್ತದೆ. ಹಾಗೆ ಹೋದದ್ದನ್ನು ಕೊಬ್ಬು ಎಂದು ಜಮೆ ಮಾಡಿಕೊಂಡವಳು ನಾನು.

ಮೂರನೆಯ ವಾರದ ಕೊನೆಗೆ ಕಡಲೆಕಾಯಿ ಪರಿಷೆ ಬಂತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಎಂದು ಲೆಕ್ಕ, ಆದರೆ ಭಾನುವಾರವೇ ಬುಲ್ ಟೆಂಪಲ್ ರಸ್ತೆಯ ಇಕ್ಕೆಲಗಳಲ್ಲಿ ಕಾಯಿಯ ರಾಶಿ ಬಿದ್ದಿರುತ್ತದೆ. ಹನುಮಂತನಗರದವರಿಗೆ ಪರಿಷೆ ಎಂದರೆ ಹಿತ್ತಿಲಿನ ಹಬ್ಬ. ಹೋಗದಿದ್ದರೆ ದೊಡ್ಡ ಬಸವಣ್ಣ ಬಿಟ್ಟರೂ ಅತ್ತೆ ಬಿಡುವುದಿಲ್ಲ. ಭಾನುವಾರ ಸಂಜೆ ಒಮ್ಮೆ, ಸೋಮವಾರ ಶಾಲೆಯಿಂದ ಬಂದು ಇನ್ನೊಮ್ಮೆ. ಬಜ್ಜಿಯ ಬಾಣಲೆ, ಬತ್ತಾಸು, ಕಲ್ಯಾಣಸೇವೆ ಎಲ್ಲದರ ಮುಂದೆಯೂ ಮುಖ ತಿರುಗಿಸಿ ನಡೆದೆ. ಆ ಸಂಯಮವನ್ನು ನೋಡಿ ಮಗಳೇ ಬೆರಗಾದಳು. ಕಡಲೆಕಾಯಿ ಮಾತ್ರ ತಿಂದೆ. ಅದು ಆರೋಗ್ಯಕ್ಕೆ ಒಳ್ಳೆಯದಲ್ಲವೇ! ಉಪ್ಪುನೀರಿನಲ್ಲಿ ಬೆಂದು, ಸಿಪ್ಪೆ ಒತ್ತಿದರೆ ಬಿಸಿನೀರು ಬೆರಳಿಗೆ ಚಿಮ್ಮುವ ಕಾಯಿ. ಮನೆಗೂ ಎರಡು ಸೇರು ಹಸಿಕಾಯಿ ತಂದೆವು. ಅತ್ತೆ ಕುಕ್ಕರಿಗೆ ಕಲ್ಲುಪ್ಪನ್ನು ಹಿಡಿಯಲ್ಲಿ ಅಳೆದು ಹಾಕಿ ಬೇಯಿಸಿದರು. ಬುಧವಾರದವರೆಗೂ ಊಟದ ಮೇಜಿನ ಮೇಲೆ ಆ ಬುಟ್ಟಿ ಇತ್ತು.

ಮಂಗಳವಾರ ಇನ್ನೊಂದು ಸಾಹಸ. ಬರೀ ನಡೆದರೆ ಸಾಲದು, ಕಾಲಿಗೆ ಬಲ ಬರುವ ವ್ಯಾಯಾಮ ಬೇಕು ಎಂದು ತಂಗಿಯ ಮಗಳು ಫೋನಿನಲ್ಲಿ ಹೇಳಿದಳು. ಇಂಗ್ಲಿಷಿನಲ್ಲಿ ದೊಡ್ಡ ಹೆಸರೇನೋ ಹೇಳಿ ವಿಡಿಯೊ ಕಳುಹಿಸಿದಳು. ನೋಡಿದರೆ ಬಸ್ಕಿ! ನಮ್ಮ ಕಾಲದಲ್ಲಿ ಮಗ್ಗಿ ತಪ್ಪಿದರೆ ಕಿವಿ ಹಿಡಿದು ಹೊಡೆಯುತ್ತಿದ್ದ ಅದೇ ಬಸ್ಕಿ, ಕಿವಿ ಹಿಡಿಯುವುದೊಂದು ಇಲ್ಲ. ಇದೇನು ಮಹಾ ಎಂದು ಅರವತ್ತು ಹೊಡೆದೆ. ಬುಧವಾರ ಕರಿಹಲಗೆಯ ಕೆಳಸಾಲಿನಲ್ಲಿ ಬರೆಯಲು ಬಗ್ಗಿದವಳಿಗೆ ಏಳಲು ಮೇಜಿನ ಅಂಚು ಬೇಕಾಯಿತು. ಗುರುವಾರ ಶಾಲೆಯ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ ಇಳಿದೆ. ಎಂಟನೆಯ ತರಗತಿಯ ಹುಡುಗರು ಗೋಡೆಯ ಕಡೆ ಮುಖ ಮಾಡಿ ಭುಜ ಕುಲುಕಿಸುತ್ತಿದ್ದರು.

ಆ ಗುರುವಾರವೇ 71.0.

ಗುಜರಿಯಿಂದ ಬಂದವಳು ಅಡುಗೆಮನೆಯಲ್ಲಿ ಕುಳಿತು, ಮಕ್ಕಳಿಗೆ ದಿನಾ ಹೇಳುವ ಕೆಲಸವನ್ನು ಕೊನೆಗೂ ಮಾಡಿದೆ: ಉತ್ತರ ಸಾಧ್ಯವೇ ಎಂದು ತಾಳೆ ನೋಡುವುದು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. 1.7 ಕಿಲೋ ಕೊಬ್ಬು ಮೈಗೆ ಹತ್ತಬೇಕಾದರೆ ನನ್ನ ಅಗತ್ಯಕ್ಕಿಂತ 13,090 ಕ್ಯಾಲೊರಿ ಹೆಚ್ಚು ತಿಂದಿರಬೇಕು. ಒಂದು ಮಸಾಲೆ ದೋಸೆಗೆ 400 ಎಂದು ಹಿಡಿದರೂ ಸುಮಾರು ಮೂವತ್ತಮೂರು ದೋಸೆ. ಐದು ದಿನದಲ್ಲಿ, ದಿನದ ಮಾಮೂಲಿ ಊಟದ ಮೇಲೆ, ನಿತ್ಯ ಆರೂವರೆ ಮಸಾಲೆ ದೋಸೆ. ಗಾಂಧಿ ಬಜಾರಿನಲ್ಲಿ ಹುಟ್ಟಿ ಬೆಳೆದವರಿಗೂ ಇದು ಆಗದ ಮಾತು. ಕಡಲೆಕಾಯಿಯ ಪಾಪವನ್ನು ಪೂರ್ತಿ ಸೇರಿಸಿದರೂ ಲೆಕ್ಕ ಅಲ್ಲಿಗೆ ಮುಟ್ಟುವುದಿಲ್ಲ. ಅಂದರೆ ಏರಿದ್ದು ಕೊಬ್ಬಲ್ಲ. ಹಾಗಾದರೆ ಏನು?

ಮಗಳ ಬಳಿ ಉತ್ತರ ಸಿದ್ಧವಿತ್ತು: “ಅಮ್ಮಾ, ಅದು ಮಸಲ್. ಸ್ನಾಯು ಕೊಬ್ಬಿಗಿಂತ ಭಾರ.” ಜಿಮ್ಮಿಗೆ ಹೋಗುವವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಈ ಸಮಾಧಾನವನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಕಿಲೋ ಕಬ್ಬಿಣ ಭಾರವೋ ಒಂದು ಕಿಲೋ ಹತ್ತಿ ಭಾರವೋ ಎಂಬ ಒಗಟಿಗೆ ಬೀಳುವ ಮಕ್ಕಳ ಹಾಗೆ! ಸ್ನಾಯು ಕೊಬ್ಬಿಗಿಂತ ಒತ್ತಾಗಿರುತ್ತದೆ, ಅಷ್ಟೇ ತೂಕಕ್ಕೆ ಕಡಿಮೆ ಜಾಗ ಹಿಡಿಯುತ್ತದೆ, ಅಲ್ಲಿಯವರೆಗೆ ನಿಜ. ಆದರೆ ಊಟ ಕಡಿಮೆ ಮಾಡಿರುವ 46 ವರ್ಷದ ಹೆಂಗಸಿಗೆ ಅರವತ್ತು ಬಸ್ಕಿಯಿಂದ ಎರಡು ದಿನದಲ್ಲಿ ಒಂದೂಮುಕ್ಕಾಲು ಕಿಲೋ ಸ್ನಾಯು ಬೆಳೆಯುವುದಾದರೆ ಗರಡಿಮನೆಗಳಲ್ಲಿ ಪೈಲ್ವಾನರು ವರ್ಷಗಟ್ಟಲೆ ಮಣ್ಣು ಹೊರಬೇಕಾಗಿರಲಿಲ್ಲ.

ಶುಕ್ರವಾರ ನಮ್ಮ ಮನೆಯ ವೈದ್ಯರ ಬಳಿಗೆ ಹೋದೆ. ಥೈರಾಯ್ಡ್ ಇರಬೇಕು ಎಂದು ನನ್ನ ಮಟ್ಟಿಗೆ ತೀರ್ಮಾನವಾಗಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಕುರ್ಚಿ ಮುರಿದರೂ ಥೈರಾಯ್ಡ್ ಎನ್ನುತ್ತಾರೆ. ಅವರು ಮೊದಲು ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದು ಬಿಟ್ಟರು. ಗುಳಿ ಬೀಳಲಿಲ್ಲ. ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದರು. ಸ್ಟೆರಾಯ್ಡ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಇನ್ಸುಲಿನ್, ಖಿನ್ನತೆಗೆ ಕೊಡುವ ಕೆಲವು ಔಷಧಗಳು ತೂಕ ಏರಿಸುತ್ತವಂತೆ. ನನ್ನದು ಏನೂ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆಯೇ, ರಾತ್ರಿ ಮಲಗಿದಾಗ ದಮ್ಮು ಬರುತ್ತದೆಯೇ ಎಂದರು. ಪಾದ ಊದಿ, ಉಸಿರೂ ಕಟ್ಟಿ, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದ್ದರೆ ಅದು ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆ ಇರಬಹುದು, ಆಗ ತಕ್ಷಣ ಬರಬೇಕು ಎಂದು ಎಚ್ಚರಿಸಿದರು. ಥೈರಾಯ್ಡಿನ ರಕ್ತಪರೀಕ್ಷೆಗೂ ಬರೆದುಕೊಟ್ಟರು. ಮರುದಿನ ವರದಿ ಬಂತು. ಸರಿಯಾಗಿಯೇ ಇತ್ತು. ಒಂದು ಕ್ಷಣ ನಿರಾಸೆಯಾಯಿತು ಎಂದರೆ ನೀವು ನಂಬಬೇಕು.

ಆಮೇಲೆ ಅವರು ಕೇಳಿದ್ದು ಮೂರೇ ಪ್ರಶ್ನೆ. ಉಪ್ಪು ಹೆಚ್ಚು ತಿಂದಿರಾ? ಹೊಸ ವ್ಯಾಯಾಮ ಶುರು ಮಾಡಿದಿರಾ? ಮುಟ್ಟು ಯಾವಾಗ?

ಪರಿಷೆ, ಬಸ್ಕಿ, ಇನ್ನು ಎರಡು ಮೂರು ದಿನದಲ್ಲಿ.

ಅವರು ನಕ್ಕು, ಗೋಡೆಯ ಬದಿಯಲ್ಲಿ ತೂಗುತ್ತಿದ್ದ ಸಲೈನ್ ಬಾಟಲಿಯನ್ನು ತೋರಿಸಿದರು. “ಇದರಲ್ಲಿ ಲೀಟರಿಗೆ ಎಷ್ಟು ಉಪ್ಪಿರುತ್ತದೆ ಗೊತ್ತೇ? ಒಂಬತ್ತು ಗ್ರಾಂ. ನಿಮ್ಮ ಮೈಯೂ ಹೆಚ್ಚುಕಡಿಮೆ ಇದೇ ಹದ ಕಾಯ್ದುಕೊಳ್ಳುತ್ತದೆ. ಒಂದೆರಡು ಚಮಚ ಉಪ್ಪು ಹೆಚ್ಚಾಗಿ ಒಳಗೆ ಉಳಿಯಿತು ಎಂದರೆ, ಅದನ್ನು ತೆಳುವಾಗಿಸಲು ಲೀಟರಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡ ಮೂರ್ನಾಲ್ಕು ದಿನದಲ್ಲಿ ಹೊರಗೆ ಹಾಕುತ್ತದೆ.” ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮತ್ತೆಯ ಒಂದು ಹಿಡಿಯ ಮಾತು ಬೇರೆ.

ಬಸ್ಕಿಯದೂ ನೀರೇ. ಪಳಗದ ಸ್ನಾಯು ದುಡಿದಾಗ ಎಳೆಗಳು ಸಣ್ಣಗೆ ಹರಿಯುತ್ತವೆ, ಆ ಜಾಗ ಊದಿ ದ್ರವ ತುಂಬಿಕೊಳ್ಳುತ್ತದೆ. ನೋವು ಮರುದಿನದಿಂದ ಮೂರನೆಯ ದಿನದವರೆಗೆ ಹೆಚ್ಚಿರುವುದೂ ಅದಕ್ಕೇ. ಮೇಲಾಗಿ, ಕೆಲಸ ಜಾಸ್ತಿಯಾಯಿತೆಂದು ಸ್ನಾಯು ಆ ಗ್ಲೈಕೋಜನ್ ಡಬ್ಬಿಯನ್ನು ಮತ್ತೆ ತುಂಬಿಕೊಳ್ಳತೊಡಗುತ್ತದೆ, ನೀರಿನ ಸಮೇತ. ಮುಟ್ಟಿನ ಮುಂಚಿನ ವಾರ ಕೆಲವರಿಗೆ ಒಂದೆರಡು ಕಿಲೋ ನೀರು ನಿಲ್ಲುವುದುಂಟು. ಉಂಗುರ ಬಿಗಿಯಾಗುವುದು, ರವಿಕೆಯ ತೋಳು ಹಿಡಿಯುವುದು ಮೂವತ್ತು ವರ್ಷದಿಂದ ಗೊತ್ತಿದ್ದ ಸಂಗತಿಯೇ. ಅದು ತಕ್ಕಡಿಯ ಮೇಲೂ ಕಾಣಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಹೇಳಿದ್ದನ್ನು ಸುಮ್ಮನೆ ಒಪ್ಪುವ ಜಾತಿ ನಾನಲ್ಲ. ಆ ಭಾನುವಾರ ಪ್ರಯೋಗಕ್ಕಿಳಿದೆ. ತೂಗಿಕೊಂಡೆ, ಅಡುಗೆಮನೆಯ ಅಳತೆ ಪಾತ್ರೆಯಲ್ಲಿ ಒಂದು ಲೀಟರ್ ನೀರನ್ನು ನಿಂತಲ್ಲೇ ಕುಡಿದೆ, ಮತ್ತೆ ತೂಗಿಕೊಂಡೆ. ಸರಿಯಾಗಿ ಒಂದು ಕಿಲೋ ಹೆಚ್ಚು. ಐದನೆಯ ತರಗತಿಯ ಪಾಠ, ಆದರೂ ಅಂಕಿ ನೋಡಿ ರೋಮಾಂಚನವಾಯಿತು. ರಾತ್ರಿ ಹತ್ತಕ್ಕೆ ತೂಗಿಕೊಂಡು ಮಲಗಿ, ಬೆಳಿಗ್ಗೆ ಎದ್ದು ಬಚ್ಚಲಿಗೂ ಹೋಗದೆ ತೂಗಿಕೊಂಡೆ: 400 ಗ್ರಾಂ ಮಾಯ. ಬರೀ ಉಸಿರು ಮತ್ತು ಕಾಣದ ಬೆವರು. ಇಟಲಿಯಲ್ಲಿ ಸಾಂಟೋರಿಯೊ ಎಂಬ ವೈದ್ಯ ನಾನೂರು ವರ್ಷ ಹಿಂದೆ ಇದನ್ನೇ ಮಾಡಿದ್ದ. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿಕೊಂಡು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿದನಂತೆ. ತಿಂದು ಕುಡಿದ ಎಂಟು ಪೌಂಡಿನಲ್ಲಿ ಐದು ಪೌಂಡು ಕಣ್ಣಿಗೆ ಕಾಣದೆ ಆವಿಯಾಗಿ ಹೋಗುತ್ತದೆ ಎಂದು ಅವನ ಲೆಕ್ಕ. ಊಟದ ಮಧ್ಯೆ ಇದನ್ನು ವಿವರಿಸಿದಾಗ ನಮ್ಮ ಯಜಮಾನರು, “ಅವನ ಹೆಂಡತಿ ಏನಾದಳು?” ಎಂದು ಕೇಳಿದರು.

ಯಂತ್ರವನ್ನು ಇಡುವ ಜಾಗದ್ದೂ ಒಂದು ಪುರಾಣವಿದೆ. ನಡುಮನೆಯ ಹಳೆಯ ಮೊಸಾಯಿಕ್ ನೆಲ ಒಂದು ಕಡೆ ತುಸು ಕುಸಿದಿದೆ. ಅಲ್ಲಿಗೂ ಅಡುಗೆಮನೆಯ ಕಡಪ ಕಲ್ಲಿಗೂ ಅರ್ಧ ಕಿಲೋ ವ್ಯತ್ಯಾಸ ಬರುತ್ತಿತ್ತು. ಮೊದಮೊದಲು ಯಾವುದು ಕಡಿಮೆ ತೋರಿಸುತ್ತದೋ ಅದನ್ನು ಬರೆದುಕೊಳ್ಳುತ್ತಿದ್ದೆ. ಬಳೆ, ಸರ ತೆಗೆದಿಟ್ಟು ನಿಲ್ಲುತ್ತಿದ್ದದ್ದನ್ನು ಮಗಳು ನೋಡಿಬಿಟ್ಟಳು. ಈಗ ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಮೂಲೆ ಗುರುತು ಮಾಡಿದ್ದೇನೆ. ಚಿಕ್ಕವಳಿದ್ದಾಗ ಸಿಟಿ ರೈಲ್ವೆ ನಿಲ್ದಾಣದಲ್ಲಿ ಬಣ್ಣದ ದೀಪ ತಿರುಗುವ ಯಂತ್ರಕ್ಕೆ ನಾಣ್ಯ ಹಾಕಿದರೆ ರಟ್ಟಿನ ಚೀಟಿ ಬೀಳುತ್ತಿತ್ತು, ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ. ಅಪ್ಪ ಭವಿಷ್ಯವನ್ನಷ್ಟೇ ಓದಿ ಹೇಳುತ್ತಿದ್ದರು.

ಮುಟ್ಟು ಬಂತು, ಬುಟ್ಟಿಯ ಕಡಲೆಕಾಯಿ ಮುಗಿಯಿತು, ತೊಡೆ ಸಡಿಲವಾಯಿತು. ಮುಂದಿನ ಗುರುವಾರ 69.4. ಒಂದೂವರೆ ಕಿಲೋ ಬಂದಷ್ಟೇ ಸದ್ದಿಲ್ಲದೆ ಹೋಯಿತು.

ಇಲ್ಲಿಗೆ ಕಥೆ ಮುಗಿಸಿ, ಎಲ್ಲ ನೀರಿನ ಆಟ ಎಂದುಕೊಂಡು ನಿದ್ದೆ ಮಾಡಬಹುದಿತ್ತು. ಆದರೆ ಗ್ರಾಫ್ ಹಾಳೆ ಸುಮ್ಮನಿರಲಿಲ್ಲ. ದಿನದ ಅಂಕಿ ಬಿಟ್ಟು ವಾರದ ಏಳು ದಿನಗಳ ಸರಾಸರಿ ತೆಗೆದು ಚುಕ್ಕೆ ಇಟ್ಟೆ. ಒಂಬತ್ತನೆಯ ತರಗತಿಗೆ ವರ್ಷವೂ ಸರಾಸರಿ ಕಲಿಸುವವಳು ಒಂದು ತಿಂಗಳು ಅದನ್ನು ಮಾಡದೇ ಇದ್ದದ್ದಕ್ಕೆ ನನಗೆ ನಾನೇ ಬಸ್ಕಿ ಹೊಡೆಸಬೇಕು. ಎರಡನೆಯ ವಾರದ ಸರಾಸರಿ 69.9. ಆರನೆಯ ವಾರದ್ದು 69.2. ಪರಿಷೆಯ ಗುಡ್ಡವನ್ನು ಬದಿಗಿಟ್ಟರೂ ನಾಲ್ಕು ವಾರದಲ್ಲಿ ಇಳಿದದ್ದು 700 ಗ್ರಾಂ. ಅದನ್ನು 7,700ರ ಲೆಕ್ಕಕ್ಕೆ ಹಚ್ಚಿ 28 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 190 ಕ್ಯಾಲೊರಿ. ಫ್ರಿಜ್ಜಿನ ಮೇಲೆ ಅಂಟಿಸಿದ್ದು 500. ಉಳಿದ 300ನ್ನು ಯಾರು ತಿಂದರು?

ನಾನೇ. ಬಟ್ಟಲಿನಲ್ಲಿ ಅಲ್ಲ, ಬಾಣಲೆಯಲ್ಲಿ. ನಮ್ಮ ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ನಾಲ್ಕು ಲೀಟರ್ ಕಡಲೆಕಾಯಿ ಎಣ್ಣೆ. ದಿನಸಿಯ ಚೀಟಿ ಹದಿನೈದು ವರ್ಷದಿಂದ ನನ್ನ ಕೈಬರಹದಲ್ಲೇ ಇದೆ. ನಾಲ್ಕು ಲೀಟರ್ ಎಂದರೆ ಸುಮಾರು 3,640 ಗ್ರಾಂ. ಗ್ರಾಮಿಗೆ 9 ಕ್ಯಾಲೊರಿ. ನಾಲ್ಕು ಜನ, ಮೂವತ್ತು ದಿನ. ಭಾಗಿಸಿದರೆ ತಲೆಗೆ ದಿನಕ್ಕೆ 273. ನನ್ನ ಲೆಕ್ಕದಲ್ಲಿ ಒಗ್ಗರಣೆ ಎಂಬ ಸಾಲೇ ಇರಲಿಲ್ಲ. ಒಂದು ಗಂಟೆಯ ಬಿರುನಡಿಗೆಗೆ ನನ್ನಂಥವಳು ಕರಗಿಸುವುದು 250ರ ಆಸುಪಾಸು. ಸೂರ್ಯ ಹುಟ್ಟುವ ಮುಂಚೆ ಎದ್ದು ಬೆವರು ಸುರಿಸಿದ್ದನ್ನೆಲ್ಲ ಸಾಸಿವೆ ಸಿಡಿಯುವಷ್ಟು ಹೊತ್ತಿನಲ್ಲಿ ವಾಪಸ್ ಪಡೆಯುತ್ತಿದ್ದೆ.

ಮುದ್ದೆಯದೂ ಭ್ರಮೆಯೇ. ಅಕ್ಕಿ, ಗೋಧಿ, ರಾಗಿ, ಯಾವುದೇ ಆಗಲಿ ನೂರು ಗ್ರಾಮಿಗೆ 320ರಿಂದ 360 ಕ್ಯಾಲೊರಿ. ರಾಗಿಯಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ. ಆ ಲಾಭ ನಿಜ. ಆದರೆ ಬಸ್ಸಾರು ಚೆನ್ನಾಗಿದೆ ಎಂದು ಎರಡನೆಯ ಮುದ್ದೆ ಮುರಿದರೆ ಬಿಟ್ಟ ಅನ್ನವನ್ನು ನೆನೆದು ಅಳುವುದರಲ್ಲಿ ಅರ್ಥವಿಲ್ಲ. ನಡಿಗೆ ಮುಗಿಸಿ ಎಲ್ಲರೂ ಕುಡಿಯುವ ಜೇನುತುಪ್ಪದ ಬಿಸಿನೀರೂ ಅಷ್ಟೇ, ಕೊಬ್ಬು ಕರಗಿಸುವ ಗುಣ ಅದಕ್ಕಿಲ್ಲ. ಒಂದು ದೊಡ್ಡ ಚಮಚಕ್ಕೆ 60 ಕ್ಯಾಲೊರಿಯ ಪಾನಕ. ಪಾರ್ಕಿನಲ್ಲಿ ಇದನ್ನು ಹೇಳಿ ಒಬ್ಬರ ಸ್ನೇಹ ಕಳೆದುಕೊಂಡಿದ್ದೇನೆ.

ಈಗ ಎಣ್ಣೆಯ ಡಬ್ಬಿಯಲ್ಲಿ ಸೌಟಿನ ಬದಲು ಚಮಚ ಇದೆ. ತಿಂಗಳಿಗೆ ಎರಡೂವರೆ ಲೀಟರ್. ಪಲ್ಯದ ರುಚಿ ಹೋಯಿತು ಎಂದು ಮೊದಲ ವಾರ ಮುಖ ಸಿಂಡರಿಸಿದ ಅತ್ತೆ ಎರಡನೆಯ ವಾರ ಸುಮ್ಮನಾದರು. ಮೂರನೆಯ ವಾರ ನಾನಿಲ್ಲದಾಗ ತಮ್ಮ ಪಾಲಿನ ಪಲ್ಯಕ್ಕೆ ಪ್ರತ್ಯೇಕ ಒಗ್ಗರಣೆ ಹಾಕಿಕೊಳ್ಳುತ್ತಾರೆಂದು ತಿಳಿಯಿತು. 82 ವರ್ಷ, ತೂಕ 48. ನಾನೇನೂ ಹೇಳಲಿಲ್ಲ. ಬಸ್ಕಿಯನ್ನು ಹತ್ತಕ್ಕೆ ಇಳಿಸಿ ಮೆಲ್ಲಗೆ ಮೂವತ್ತಕ್ಕೆ ತಂದಿದ್ದೇನೆ, ಏಡಿಯ ನಡಿಗೆ ಮರಳಲಿಲ್ಲ. ವಾರದ ಸರಾಸರಿ 68.9, 68.5, ಹೋದ ವಾರ 68.2. ಸೊಂಟದ ಸುತ್ತಳತೆ ಟೇಪಿನಲ್ಲಿ 94ರಿಂದ 90 ಸೆಂಟಿಮೀಟರಿಗೆ ಬಂದಿದೆ. ಹೆಂಗಸರಿಗೆ 80 ಇರಬೇಕಂತೆ, ಇನ್ನೂ ದೂರವಿದೆ.

ಬರುವ ವಾರ ಸಂಕ್ರಾಂತಿ. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಖಾರ ಪೊಂಗಲ್, ಹಿತಕಿದ ಅವರೆಬೇಳೆಯ ಸಾರು. ಬಿಡುವ ಮಾತೇ ಇಲ್ಲ. ಕ್ಯಾಲೆಂಡರ್ ನೋಡಿದರೆ ಮುಟ್ಟಿನ ದಿನವೂ ಅಲ್ಲೇ ಬಂದು ಕೂತಿದೆ. ಹಾಗಾಗಿ ಈ ಸಲ ಮುಂಚಿತವಾಗಿಯೇ ಗ್ರಾಫ್ ಹಾಳೆಯಲ್ಲಿ ಹಬ್ಬದ ವಾರದ ಸರಾಸರಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಿದ್ದೇನೆ: 69.1. ಯಜಮಾನರು ಪಕ್ಕದಲ್ಲಿ ನೀಲಿ ಪೆನ್ನಿನಿಂದ 69.5 ಎಂದು ಗುರುತು ಹಾಕಿದ್ದಾರೆ. ಯಾರ ಚುಕ್ಕೆ ದೂರ ಉಳಿಯುತ್ತದೋ ಅವರು ಮುಂದಿನ ಭಾನುವಾರ ಎರಡು ಕಿಲೋ ಅವರೆಕಾಯಿಯನ್ನು ಒಬ್ಬರೇ ಕೂತು ಸುಲಿದು, ನೆನೆಸಿ, ಹಿತಕಬೇಕು.